ಸಂತ ಇಗ್ನೇಷಿಯಸ್ ಲೊಯೋಲಾ: ದಿನದ ಲೆಕ್ಕದಲ್ಲಿ ದೇವರ ಕೃಪೆ ಕಂಡವರು

ಪ್ರತಿ ವರ್ಷ ಜುಲೈ 31ರಂದು ಧರ್ಮಸಭೆಯು ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸ್ ಲೊಯೋಲಾ ಅವರ ಹಬ್ಬವನ್ನು ಆಚರಿಸುತ್ತದೆ. ಯೇಸುಸಭೆಯ ಗುರುಗಳು 1878ರಲ್ಲಿ ಮಂಗಳೂರಿಗೆ ಬಂದು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದ್ದರಿಂದ ಈ ಸಂತರ ಹೆಸರು ಕರಾವಳಿಯ ನಮಗೆ ಚಿರಪರಿಚಿತ. ಆದರೆ ಅತಿಯಾದ ಉತ್ಸಾಹದಿಂದ ಇವರೂ ಒಮ್ಮೆ ಕುಸಿದುಹೋಗಿದ್ದರು ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು.

ಇಗ್ನೇಷಿಯಸ್ ಅವರು 1491ರಲ್ಲಿ ಸ್ಪೇನಿನ ಬಾಸ್ಕ್ ಪ್ರದೇಶದ ಕುಲೀನ ಮನೆತನದಲ್ಲಿ ಜನಿಸಿದರು. ಕೀರ್ತಿಯೇ ಅವರ ಗುರಿಯಾಗಿತ್ತು. 1521ರಲ್ಲಿ ಪಾಂಪ್ಲೋನಾ ಕೋಟೆಯ ಕದನದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿಯಿತು. ಹಾಸಿಗೆಯಲ್ಲಿದ್ದಾಗ ಕ್ರಿಸ್ತರ ಹಾಗೂ ಸಂತರ ಜೀವನಚರಿತ್ರೆ ಓದಿ ಮನಸ್ಸು ಬದಲಾಯಿತು. ಆದರೆ ಎಲ್ಲರನ್ನೂ ಮೀರಿಸಬೇಕೆಂಬ ಹಳೆಯ ಛಲ ಬದಲಾಗಲಿಲ್ಲ.

1522ರಲ್ಲಿ ಮನ್ರೇಸಾ ಎಂಬ ಊರಿನಲ್ಲಿ ನೆಲೆಸಿ ದಿನಕ್ಕೆ ಏಳು ಗಂಟೆ ಮೊಣಕಾಲೂರಿ ಪ್ರಾರ್ಥಿಸಿದರು. ಕೂದಲು, ಉಗುರು ಕತ್ತರಿಸುವುದನ್ನೂ ಬಿಟ್ಟರು. ಎಷ್ಟು ಸಲ ಪಾಪನಿವೇದನೆ ಮಾಡಿದರೂ ಏನೋ ಉಳಿದಿದೆ ಎಂಬ ಸಂಶಯ ಕಾಡಿತು. ಪ್ರಾಣ ಕಳೆದುಕೊಳ್ಳುವ ಆಲೋಚನೆಯೂ ಬಂತು. ಒಂದು ವಾರ ಏನನ್ನೂ ತಿನ್ನದೆ ಉಪವಾಸವಿದ್ದಾಗ, ಪಾಪನಿವೇದನೆ ಕೇಳುವ ಗುರುಗಳು ಉಪವಾಸ ಬಿಡುವಂತೆ ಆಜ್ಞಾಪಿಸಿದರು. ಅವರು ವಿಧೇಯರಾದರು. ಮಾಡಿದ್ದು ಸಾಲದು ಎಂದು ಸದಾ ಚುಚ್ಚುವ ದನಿ ದೇವರದಲ್ಲ ಎಂದು ಕ್ರಮೇಣ ಅರಿತರು.

ಈ ಅನುಭವದಿಂದಲೇ ಅವರ 'ಆಧ್ಯಾತ್ಮಿಕ ಸಾಧನೆಗಳು' ಗ್ರಂಥ ರೂಪುಗೊಂಡಿತು. ಅದರಲ್ಲಿ ಅವರು ಆತ್ಮಪರಿಶೋಧನೆಗೆ ಸರಳ ವಿಧಾನ ಕಲಿಸಿದ್ದಾರೆ. ತಿದ್ದಿಕೊಳ್ಳಲು ಒಂದೇ ದೋಷವನ್ನು ಆರಿಸಿಕೊಳ್ಳಬೇಕು. ದಿನಕ್ಕೆ ಎರಡು ಗೆರೆ; ಎಡವಿದಷ್ಟು ಸಲ ಗೆರೆಯ ಮೇಲೆ ಚುಕ್ಕಿ. ಮೊದಲ ಗೆರೆಯೊಂದಿಗೆ ಎರಡನೆಯದನ್ನು, ನಿನ್ನೆಯೊಂದಿಗೆ ಇಂದನ್ನು, ಕಳೆದ ವಾರದೊಂದಿಗೆ ಈ ವಾರವನ್ನು ಹೋಲಿಸಿ, ಸುಧಾರಣೆ ಆಗಿದೆಯೇ ಎಂದು ನೋಡಬೇಕು. ಇಲ್ಲಿ ಹೋಲಿಕೆ ನೆರೆಯವರೊಂದಿಗಲ್ಲ, ನಮ್ಮೊಂದಿಗೇ. ಇಡೀ ದಿನದ ಪರಿಶೋಧನೆಯಲ್ಲಿ ಮೊದಲ ಹೆಜ್ಜೆ ತಪ್ಪು ಹುಡುಕುವುದೂ ಅಲ್ಲ. ಪಡೆದ ಉಪಕಾರಗಳಿಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸುವುದು.

ಮುಂದೆ ಅವರು ಆತುರಪಡಲಿಲ್ಲ. 33ರ ವಯಸ್ಸಿನಲ್ಲಿ ಬಾರ್ಸಿಲೋನಾದಲ್ಲಿ ಲ್ಯಾಟಿನ್ ವ್ಯಾಕರಣ ಕಲಿಯತೊಡಗಿದರು. 1534ರಲ್ಲಿ ಪ್ಯಾರಿಸಿನಲ್ಲಿ ಆರು ಮಂದಿ ಸಂಗಾತಿಗಳೊಂದಿಗೆ ವ್ರತ ಕೈಗೊಂಡರು. ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರಲ್ಲೊಬ್ಬರು. 1540ರಲ್ಲಿ ವಿಶ್ವಗುರು ಮೂರನೇ ಪೌಲರು ಯೇಸುಸಭೆಗೆ ಮಾನ್ಯತೆ ನೀಡಿದರು. ಮಹಾಶ್ರೇಷ್ಠರಾದ ಮೇಲೆ ಇಗ್ನೇಷಿಯಸ್ ಅವರು ತಮ್ಮವರ ಆರೋಗ್ಯದ ಬಗ್ಗೆ ವಿಶೇಷ ಕಾಳಜಿ ವಹಿಸಿದರು. 1547ರಲ್ಲಿ ಪೋರ್ಚುಗಲ್‌ನ ಕೊಯಿಂಬ್ರಾದ ಉತ್ಸಾಹಿ ಯುವಕರಿಗೆ ಪತ್ರ ಬರೆದು, ಮಿತಿಯಿಲ್ಲದ ಹುರುಪು ಕೆಲಸವನ್ನೇ ಕೆಡಿಸುತ್ತದೆ ಎಂದು ಎಚ್ಚರಿಸಿದರು. ಮರುವರ್ಷ ಫ್ರಾನ್ಸಿಸ್ ಬೋರ್ಜಾ ಅವರಿಗೆ, ಪ್ರಾರ್ಥನೆಯ ಸಮಯವನ್ನು ಅರ್ಧಕ್ಕಿಳಿಸಿ ಚೆನ್ನಾಗಿ ಊಟ ಮಾಡುವಂತೆ ಸಲಹೆ ನೀಡಿದರು. 1556ರಲ್ಲಿ ಅವರು ರೋಮಿನಲ್ಲಿ ನಿಧನರಾದಾಗ ಸಭೆಯಲ್ಲಿ ಸುಮಾರು ಸಾವಿರ ಸದಸ್ಯರಿದ್ದರು. 1622ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

ನಮ್ಮ ಧರ್ಮಕೇಂದ್ರಗಳಲ್ಲಿ ಪಾಲನಾ ಸಮಿತಿ, ಧರ್ಮೋಪದೇಶ, ಗಾಯನ ಮಂಡಳಿ ಎಲ್ಲಕ್ಕೂ ಹೆಗಲು ಕೊಡುವವರು ಕೆಲವರೇ. ಒಳ್ಳೆಯದನ್ನು ಮಾಡಿಯೂ ಸಾಲದೆಂದು ಕೊರಗಿ, ಕೊನೆಗೆ ಬಳಲಿ ದೂರ ಸರಿಯುವವರೂ ಅವರೇ. ಇಂದು ರಾತ್ರಿ ಮಲಗುವ ಮುನ್ನ, ಉಳಿದ ಕೆಲಸದ ಪಟ್ಟಿ ಬದಿಗಿಟ್ಟು, ದೇವರು ನಮ್ಮನ್ನು ನಿನ್ನೆಗಿಂತ ಎಷ್ಟು ಮುಂದೆ ನಡೆಸಿದ್ದಾರೆಂದು ನೋಡೋಣ; ಅವರಿಗೆ ವಂದನೆ ಸಲ್ಲಿಸಿ ನೆಮ್ಮದಿಯಿಂದ ಮಲಗೋಣ.