ಮನೋರೋಗಿಗಳ ಬಂಧು ಡಾ. ಜಾನ್ ಕೇಡ್

ಮಕ್ಕಳೇ, ಸೋಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯಲ್ಲಿ ವಳಸಂಗ ಎಂಬ ಊರಿದೆ. ನಿಮ್ಮಲ್ಲಿ ಕೆಲವರು ಅದೇ ಊರಿನವರೂ ಇರಬಹುದು. ಅಲ್ಲಿ ಯಾರಿಗಾದರೂ ಜ್ವರ ಬಂದರೆ ಮನೆಯವರು ಏನು ಮಾಡುತ್ತಾರೆ? ದವಾಖಾನೆಗೆ ಕರೆದುಕೊಂಡು ಹೋಗುತ್ತಾರೆ. ಕೈಕಾಲು ಮುರಿದರೆ ಪಟ್ಟಿ ಹಾಕಿಸುತ್ತಾರೆ. ಓಣಿಯವರೆಲ್ಲ ಬಂದು ಧೈರ್ಯ ಹೇಳಿ ಹೋಗುತ್ತಾರೆ. ಆದರೆ ಮನಸ್ಸಿಗೆ ಬೇನೆ ಬಂದರೆ? ಆಗ ಜನರ ನಡೆ ಬೇರೆಯಾಗುತ್ತದೆ. ದೆವ್ವ ಬಡಿದಿದೆ ಎನ್ನುವವರು ಕೆಲವರು. ಯಾರೋ ಮಾಟ ಮಾಡಿಸಿದ್ದಾರೆ ಎನ್ನುವವರು ಕೆಲವರು. ಹುಡುಗರು ಬೆನ್ನು ಹತ್ತಿ ಗೇಲಿ ಮಾಡುವುದೂ ಉಂಟು. ಹಿಂದಿನ ಕಾಲದಲ್ಲಿ ಇಂಥವರನ್ನು ಸರಪಳಿಯಿಂದ ಕಟ್ಟಿಹಾಕುತ್ತಿದ್ದರು. ನಮ್ಮ ಊರುಗಳಲ್ಲಿ ಮಾತ್ರವಲ್ಲ, ಜಗತ್ತಿನ ಎಷ್ಟೋ ದೇಶಗಳಲ್ಲಿ ಹೀಗೆ ನಡೆಯುತ್ತಿತ್ತು.

ಮನಸ್ಸಿನ ಬೇನೆಯೂ ಜ್ವರದಂತೆ ಒಂದು ರೋಗವೇ, ಅದಕ್ಕೂ ಔಷಧ ಇರಲೇಬೇಕು ಎಂದು ನಂಬಿ ಹುಡುಕಿದ ವೈದ್ಯರೊಬ್ಬರಿದ್ದರು. ಅವರ ಹೆಸರು ಡಾ. ಜಾನ್ ಕೇಡ್. ಅವರ ಜೀವನದ ಕಥೆಯನ್ನು ಈಗ ಓದೋಣ.

ಜಾನ್ ಕೇಡ್ ಅವರು 1912ನೆಯ ಇಸವಿಯ ಜನವರಿ 18ರಂದು ಆಸ್ಟ್ರೇಲಿಯಾ ದೇಶದ ಮರ್ಟೋವಾ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ನಮ್ಮ ಸೋಲಾಪುರದ ಸುತ್ತ ಜೋಳದ ಹೊಲಗಳಿರುವಂತೆ ಆ ಊರಿನ ಸುತ್ತ ಗೋಧಿಯ ಹೊಲಗಳು. ತಂದೆ ವೈದ್ಯರಾಗಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಸೇವೆ ಮಾಡಿ ಬಹಳ ದಣಿದು ಮರಳಿದ ಅವರು, ಮುಂದೆ ಮನೋರೋಗಿಗಳ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. ಆಸ್ಪತ್ರೆಯ ಆವರಣದಲ್ಲಿಯೇ ಅವರ ಮನೆ. ಹೀಗಾಗಿ ಬಾಲಕ ಜಾನ್ ರೋಗಿಗಳ ನಡುವೆಯೇ ಆಡಿ ಬೆಳೆದನು. ಬೇರೆಯವರು ಹೆದರಿ ದೂರ ಸರಿಯುವ ಜನರು ಅವನಿಗೆ ದಿನವೂ ಕಾಣುವ ನೆರೆಯವರಾಗಿದ್ದರು. ಅವರೂ ನಮ್ಮಂಥ ಮನುಷ್ಯರೇ ಎಂಬುದನ್ನು ಅವನು ಪುಸ್ತಕ ಓದಿ ಕಲಿಯಬೇಕಾಗಲಿಲ್ಲ.

ಜಾನ್ ಓದಿನಲ್ಲಿ ಬಹಳ ಜಾಣ. ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಕಲಿತು ಎಳೆಯ ವಯಸ್ಸಿನಲ್ಲಿಯೇ ವೈದ್ಯನಾದನು. ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಗ ಅವನಿಗೇ ಕಠಿಣವಾದ ನ್ಯುಮೋನಿಯಾ ಬಂದಿತು. ಬದುಕುವುದೇ ಕಷ್ಟವಾಗಿತ್ತು. ಆಗ ಆರೈಕೆ ಮಾಡಿದ ದಾದಿ ಜೀನ್ ಅವರನ್ನೇ ಅವನು 1937ರಲ್ಲಿ ಮದುವೆಯಾದನು. ತಂದೆಯ ದಾರಿಯನ್ನೇ ಹಿಡಿದು ತಾನೂ ಮನೋರೋಗಗಳ ವೈದ್ಯನಾದನು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಕೇಡ್ ಅವರು 1940ರಲ್ಲಿ ಸೈನ್ಯದ ವೈದ್ಯರಾಗಿ ಸೇರಿದರು. ಅವರನ್ನು ಸಿಂಗಪುರಕ್ಕೆ ಕಳುಹಿಸಲಾಯಿತು. 1942ರ ಫೆಬ್ರುವರಿಯಲ್ಲಿ ಸಿಂಗಪುರ ಜಪಾನೀ ಸೈನ್ಯದ ವಶವಾಯಿತು. ಸಾವಿರಾರು ಆಸ್ಟ್ರೇಲಿಯಾದ ಸೈನಿಕರು, ಇಂಗ್ಲಿಷ್ ಸೈನಿಕರು ಮತ್ತು ನಮ್ಮ ಭಾರತದ ಸೈನಿಕರು ಸೆರೆಯಾದರು. ಕೇಡ್ ಅವರೂ ಚಾಂಗಿ ಎಂಬಲ್ಲಿಯ ಸೆರೆಮನೆಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕಳೆದರು. ಹೊಟ್ಟೆ ತುಂಬ ಅನ್ನವಿಲ್ಲ, ಸಾಕಷ್ಟು ಔಷಧವಿಲ್ಲ. ಎಷ್ಟೋ ಜನರು ಮೈಯ ಜೊತೆಗೆ ಮನಸ್ಸಿನ ಆರೋಗ್ಯವನ್ನೂ ಕಳೆದುಕೊಂಡರು. ಕೇಡ್ ಅವರು ಇಂಥವರ ಸೇವೆ ಮಾಡುತ್ತ, ಅವರನ್ನು ಗಮನವಿಟ್ಟು ನೋಡುತ್ತಿದ್ದರು. ಮನಸ್ಸು ಕೆಡಲು ದೇಹದೊಳಗೇ ಏನಾದರೂ ಕಾರಣ ಇರಬೇಕು ಎಂಬ ವಿಚಾರ ಅವರಲ್ಲಿ ಬೇರೂರಿತು. 1945ರಲ್ಲಿ ಬಿಡುಗಡೆಯಾಗಿ ಅವರು ಮನೆಗೆ ಮರಳಿದರು.

ಮನಸ್ಸಿನ ರೋಗಗಳಲ್ಲಿ ಹಲವು ಬಗೆಗಳಿವೆ, ಮಕ್ಕಳೇ. ಅವುಗಳಲ್ಲಿ ಎರಡನ್ನು ನೀವು ತಿಳಿದುಕೊಳ್ಳಿರಿ. ಒಂದು ರೋಗದಲ್ಲಿ ಕೆಲವು ದಿನ ಮನುಷ್ಯನಿಗೆ ಮಿತಿಮೀರಿದ ಉತ್ಸಾಹ. ನಿದ್ದೆ ಬೇಡ, ಮಾತು ನಿಲ್ಲದು, ಕೈಯಲ್ಲಿದ್ದ ಹಣವೆಲ್ಲ ಖರ್ಚು. ಇದಕ್ಕೆ ಉನ್ಮಾದ ಎನ್ನುತ್ತಾರೆ. ಮತ್ತೆ ಕೆಲವು ದಿನ ಅದೇ ಮನುಷ್ಯ ಮೂಲೆ ಹಿಡಿದು ಕೂಡುತ್ತಾನೆ. ಊಟ ಬೇಡ, ಮಾತು ಬೇಡ, ಬದುಕೇ ಬೇಡ ಎನಿಸುತ್ತದೆ. ಇದಕ್ಕೆ ಖಿನ್ನತೆ ಎನ್ನುತ್ತಾರೆ. ಹೀಗೆ ಮನಸ್ಸು ಜೋಕಾಲಿಯಂತೆ ಎರಡೂ ಕಡೆಗೆ ಜೀಕುವ ರೋಗಕ್ಕೆ ಬೈಪೋಲಾರ್ ರೋಗ ಎಂದು ಹೆಸರು. ಇನ್ನೊಂದು ರೋಗದ ಹೆಸರು ಸ್ಕಿಜೋಫ್ರೇನಿಯಾ. ಇದರಲ್ಲಿ ಯಾರೂ ಮಾತಾಡದಿದ್ದರೂ ರೋಗಿಗೆ ದನಿಗಳು ಕೇಳಿಸಬಹುದು. ತನಗೆ ಯಾರೋ ಕೇಡು ಬಗೆಯುತ್ತಿದ್ದಾರೆ ಎಂಬ ಸಂಶಯ ಅವನನ್ನು ಕಾಡಬಹುದು. ಆಗ ಈ ರೋಗಗಳನ್ನು ಹತೋಟಿಯಲ್ಲಿಡುವ ಒಳ್ಳೆಯ ಔಷಧಗಳು ಇರಲಿಲ್ಲ. ರೋಗಿಗಳು ವರ್ಷಗಟ್ಟಲೆ ಆಸ್ಪತ್ರೆಯ ಗೋಡೆಗಳ ಒಳಗೇ ಉಳಿಯುತ್ತಿದ್ದರು.

ಯುದ್ಧ ಮುಗಿದ ಮೇಲೆ ಕೇಡ್ ಅವರು ಮೆಲ್ಬರ್ನ್ ಹತ್ತಿರದ ಬುಂಡೂರಾ ಎಂಬಲ್ಲಿಯ ಆಸ್ಪತ್ರೆಗೆ ಬಂದರು. ಅಲ್ಲಿ ಪ್ರಯೋಗಶಾಲೆ ಇರಲಿಲ್ಲ. ಬಳಕೆಯಲ್ಲಿಲ್ಲದ ಒಂದು ಉಗ್ರಾಣದ ಕೋಣೆಯೇ ಅವರ ಪ್ರಯೋಗಶಾಲೆಯಾಯಿತು. ಉನ್ಮಾದದ ರೋಗಿಗಳ ದೇಹದಲ್ಲಿ ಯಾವುದೋ ವಿಷ ಹೆಚ್ಚಾಗಿ ಅದು ಮೂತ್ರದಲ್ಲಿ ಹೊರಬರುತ್ತಿರಬಹುದು ಎಂದು ಅವರು ಊಹಿಸಿದರು. ಅದಕ್ಕಾಗಿ ರೋಗಿಗಳ ಮೂತ್ರವನ್ನು ಬಾಟಲಿಗಳಲ್ಲಿ ಸಂಗ್ರಹಿಸಿದರು. ಆ ಬಾಟಲಿಗಳನ್ನು ತಮ್ಮ ಮನೆಯ ಫ್ರಿಜ್ಜಿನಲ್ಲಿಯೇ ಇಟ್ಟರು. ನಗಬೇಡಿ ಮಕ್ಕಳೇ, ಹಣವೂ ಸಲಕರಣೆಯೂ ಇಲ್ಲದ ವಿಜ್ಞಾನಿಗೆ ಮನೆಯೇ ಪ್ರಯೋಗಶಾಲೆಯಾಗುತ್ತದೆ.

ಗಿನಿಪಿಗ್ ಎಂಬುದು ಇಲಿಯ ಜಾತಿಗೆ ಸೇರಿದ ಒಂದು ಸಾಧು ಪ್ರಾಣಿ. ಕೇಡ್ ಅವರು ಗಿನಿಪಿಗ್‌ಗಳ ಮೇಲೆ ಪ್ರಯೋಗ ನಡೆಸಿದರು. ಮೂತ್ರದಲ್ಲಿರುವ ಯೂರಿಕ್ ಆಮ್ಲದ ಮೇಲೆ ಅವರಿಗೆ ಸಂಶಯವಿತ್ತು. ಆದರೆ ಅದು ನೀರಿನಲ್ಲಿ ಸುಲಭವಾಗಿ ಕರಗದು. ಲಿಥಿಯಂ ಜೊತೆ ಸೇರಿದರೆ ಚೆನ್ನಾಗಿ ಕರಗುತ್ತದೆ. ಲಿಥಿಯಂ ಎಂಬುದು ಕಲ್ಲುಗಳಲ್ಲಿ ದೊರೆಯುವ ಬಹಳ ಹಗುರವಾದ ಲೋಹ. 1817ರಲ್ಲಿ ಸ್ವೀಡನ್ ದೇಶದಲ್ಲಿ ಅದನ್ನು ಕಂಡುಹಿಡಿದರು. ಇಂದು ನಿಮ್ಮ ಮನೆಯ ಮೊಬೈಲಿನ ಬ್ಯಾಟರಿಯಲ್ಲಿಯೂ ಅದು ಇದೆ. ಕೇಡ್ ಅವರು ಲಿಥಿಯಂ ಲವಣವನ್ನು ಗಿನಿಪಿಗ್‌ಗಳಿಗೆ ಚುಚ್ಚಿದಾಗ ಒಂದು ಆಶ್ಚರ್ಯ ಕಂಡಿತು. ಮುಟ್ಟಿದರೆ ಬೆಚ್ಚುವ ಆ ಪ್ರಾಣಿಗಳು ಎರಡು ತಾಸುಗಳಲ್ಲಿ ಶಾಂತವಾದವು. ಅಂಗಾತ ಮಲಗಿಸಿದರೂ ಒದ್ದಾಡದೆ ಸುಮ್ಮನೆ ಮಲಗಿದವು.

ಕೇಡ್ ಅವರ ಮೊದಲಿನ ಊಹೆ ಸರಿಯಾಗಿರಲಿಲ್ಲ. ಆದರೆ ಕಣ್ಣೆದುರಿಗೆ ಕಂಡದ್ದನ್ನು ಅವರು ಅಲ್ಲಗಳೆಯಲಿಲ್ಲ. ಉನ್ಮಾದದ ರೋಗಿಗಳಿಗೆ ಇದನ್ನು ಕೊಟ್ಟರೆ ಹೇಗೆ ಎಂದು ಯೋಚಿಸಿದರು. ಆದರೆ ಅದರಿಂದ ಅವರಿಗೆ ಅಪಾಯವಾದರೆ? ಅದಕ್ಕಾಗಿ ಮೊದಲು ತಾವೇ ಲಿಥಿಯಂ ಸೇವಿಸಿ ನೋಡಿದರು. ಏನೂ ತೊಂದರೆಯಾಗಲಿಲ್ಲ. ಅನಂತರವೇ ರೋಗಿಗಳಿಗೆ ಕೊಡಲು ಮುಂದಾದರು.

1948ರ ಮಾರ್ಚ್ 29ರಂದು ಒಬ್ಬ ರೋಗಿಗೆ ಮೊದಲ ಬಾರಿ ಲಿಥಿಯಂ ಕೊಟ್ಟರು. ಅವನ ವಯಸ್ಸು 51. ಐದು ವರ್ಷಗಳಿಂದ ಅವನ ಉನ್ಮಾದ ಇಳಿದಿರಲಿಲ್ಲ. ಅವನು ಗುಣವಾದಾನು ಎಂಬ ಆಸೆಯನ್ನೇ ಎಲ್ಲರೂ ಬಿಟ್ಟಿದ್ದರು. ಕೆಲವೇ ವಾರಗಳಲ್ಲಿ ಅವನು ಶಾಂತನಾದನು. ಜುಲೈ ತಿಂಗಳಲ್ಲಿ ಮನೆಗೆ ಹೋದನು. ತನ್ನ ಹಳೆಯ ಕೆಲಸಕ್ಕೂ ಸೇರಿದನು. ಆ ದಿನ ಆ ಮನೆಯಲ್ಲಿ ಎಷ್ಟು ಸಂತೋಷವಾಗಿರಬೇಕು, ನೀವೇ ಯೋಚಿಸಿರಿ.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಗುಣವಾದ ಮೇಲೆ ಅವನು ಔಷಧ ತೆಗೆದುಕೊಳ್ಳುವುದನ್ನು ಬಿಟ್ಟನು. ರೋಗ ಮರಳಿತು. 1949ರ ಜನವರಿಯಲ್ಲಿ ಮತ್ತೆ ಆಸ್ಪತ್ರೆಗೆ ಬಂದನು. ಮತ್ತೆ ಲಿಥಿಯಂ ಕೊಟ್ಟರು, ಮತ್ತೆ ಸುಧಾರಿಸಿದನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೇಡ್ ಅವರು ತಮ್ಮ ಅನುಭವವನ್ನು ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಉನ್ಮಾದದ 10 ರೋಗಿಗಳಿಗೂ ಗುಣ ಕಂಡಿತ್ತು. ಸ್ಕಿಜೋಫ್ರೇನಿಯಾದ 6 ರೋಗಿಗಳಲ್ಲಿ ಕೆಲವರ ಚಡಪಡಿಕೆ ಕಡಿಮೆಯಾದರೂ ಮೂಲ ರೋಗ ಹೋಗಿರಲಿಲ್ಲ. ಅದನ್ನೂ ಅವರು ಮುಚ್ಚಿಡದೆ ಬರೆದರು.

ಮಕ್ಕಳೇ, ಅಡಿಗೆಯಲ್ಲಿ ಉಪ್ಪು ಕಡಿಮೆಯಾದರೆ ರುಚಿ ಇಲ್ಲ, ಹೆಚ್ಚಾದರೆ ಬಾಯಿಗೆ ಇಡಲಾಗದು. ಲಿಥಿಯಂ ಕೂಡ ಹಾಗೆಯೇ. ಕಡಿಮೆಯಾದರೆ ಗುಣವಿಲ್ಲ. ಸ್ವಲ್ಪ ಹೆಚ್ಚಾದರೂ ಅದು ವಿಷ. ಆ ದಿನಗಳಲ್ಲಿ ಅಮೇರಿಕೆಯಲ್ಲಿ ಕೆಲವು ಹೃದ್ರೋಗಿಗಳು ಅಡಿಗೆ ಉಪ್ಪಿನ ಬದಲಾಗಿ ಲಿಥಿಯಂ ಲವಣವನ್ನು ಬಳಸಿದರು. ಅಳತೆ ತಪ್ಪಿ ಕೆಲವರು ಸತ್ತರು. ಕೇಡ್ ಅವರ ಆಸ್ಪತ್ರೆಯಲ್ಲಿಯೂ ಅಂಥ ದುಃಖ ಕಾದಿತ್ತು. 1950ರ ಮೇ ತಿಂಗಳಲ್ಲಿ ಅವರ ಆ ಮೊದಲ ರೋಗಿಯೇ ಲಿಥಿಯಂ ವಿಷವೇರಿ ತೀರಿಕೊಂಡನು.

ಕೇಡ್ ಅವರ ಮನಸ್ಸಿಗೆ ಬಹಳ ನೋವಾಯಿತು. ತಾವೇ ಕಂಡುಹಿಡಿದ ಔಷಧ ಎಂಬ ಅಭಿಮಾನವನ್ನು ಬದಿಗಿಟ್ಟು, ತಮ್ಮ ಆಸ್ಪತ್ರೆಯಲ್ಲಿ ಅದನ್ನು ಕೊಡುವುದನ್ನೇ ನಿಲ್ಲಿಸಿದರು. ಕೀರ್ತಿಗಿಂತ ರೋಗಿಯ ಪ್ರಾಣ ದೊಡ್ಡದು ಎಂಬುದು ಅವರ ನಡೆಯಿಂದ ತಿಳಿಯಿತು.

ಹಾಗಾದರೆ ಲಿಥಿಯಂ ಅಲ್ಲಿಗೇ ಮುಗಿಯಿತೇ? ಇಲ್ಲ. ಮೆಲ್ಬರ್ನ್‌ನಲ್ಲಿಯೇ ಟ್ರಾಟ್ನರ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ರೋಗಿಯ ರಕ್ತದಲ್ಲಿ ಎಷ್ಟು ಲಿಥಿಯಂ ಇದೆ ಎಂದು ಅಳೆಯತೊಡಗಿದರು. ರಕ್ತವನ್ನು ಆಗಾಗ ಪರೀಕ್ಷಿಸಿದರೆ ಅಪಾಯ ಮುಂಚೆಯೇ ತಿಳಿಯುತ್ತದೆ ಎಂದು ತೋರಿಸಿದರು. 1954ರಲ್ಲಿ ಡೆನ್ಮಾರ್ಕ್ ದೇಶದ ಡಾ. ಮೋಗೆನ್ಸ್ ಶೌ ಅವರು ಎಚ್ಚರಿಕೆಯಿಂದ ಪ್ರಯೋಗ ನಡೆಸಿ ಲಿಥಿಯಂ ನಿಜವಾಗಿಯೂ ಗುಣ ಕೊಡುತ್ತದೆ ಎಂದು ದೃಢಪಡಿಸಿದರು. 1970ರಲ್ಲಿ ಅಮೇರಿಕಾ ಸರಕಾರವೂ ಅದಕ್ಕೆ ಒಪ್ಪಿಗೆ ಕೊಟ್ಟಿತು.

ಸ್ಕಿಜೋಫ್ರೇನಿಯಾಕ್ಕೂ ಔಷಧ ದೊರೆಯಿತು. 1952ರಲ್ಲಿ ಪ್ಯಾರಿಸ್ ನಗರದ ವೈದ್ಯರು ಕ್ಲೋರ್‌ಪ್ರೋಮಜೀನ್ ಎಂಬ ಔಷಧದಿಂದ ರೋಗಿಗಳು ಶಾಂತರಾಗುವುದನ್ನು ಕಂಡರು. ಇದರಲ್ಲಿ ನಮ್ಮ ದೇಶದ ಪಾಲೂ ಇದೆ. ಸರ್ಪಗಂಧ ಎಂಬ ಗಿಡದ ಬೇರು ನಮ್ಮಲ್ಲಿ ಹಿಂದಿನಿಂದಲೂ ಔಷಧವಾಗಿತ್ತು. 1931ರಲ್ಲಿ ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಅದು ರಕ್ತದ ಒತ್ತಡವನ್ನೂ ಉನ್ಮಾದವನ್ನೂ ಇಳಿಸುತ್ತದೆ ಎಂದು ಬರೆದಿದ್ದರು. ಆ ಬೇರಿನಿಂದ ತೆಗೆದ ಔಷಧವನ್ನು 1950ರ ದಶಕದಲ್ಲಿ ಹೊರದೇಶಗಳ ಮನೋರೋಗಿಗಳಿಗೂ ಕೊಟ್ಟರು. ಮುಂದೆ ಅದಕ್ಕಿಂತ ಒಳ್ಳೆಯ ಔಷಧಗಳು ಬಂದವು.

1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಡಾ. ಎಂ. ವಿ. ಗೋವಿಂದಸ್ವಾಮಿ ಅವರು ಅದರ ಮೊದಲ ನಿರ್ದೇಶಕರು. 1974ರಿಂದ ಅದು ನಿಮ್ಹಾನ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಅಲ್ಲಿಯ ವೈದ್ಯರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಸಣ್ಣ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋರೋಗಗಳ ಚಿಕಿತ್ಸೆಯನ್ನು ಕಲಿಸಿದರು. ಹಳ್ಳಿಯ ರೋಗಿಗೆ ಹಳ್ಳಿಯ ಹತ್ತಿರವೇ ಔಷಧ ಸಿಗುವಂತಾಯಿತು. ಅದೇ ಮಾದರಿಯಲ್ಲಿ 1996ರಿಂದ ದೇಶದ ಬೇರೆ ಜಿಲ್ಲೆಗಳಲ್ಲಿಯೂ ಈ ಕೆಲಸ ಆರಂಭವಾಯಿತು. ಮನೋರೋಗಿಗಳನ್ನು ಸರಪಳಿಯಿಂದ ಕಟ್ಟುವುದನ್ನು 2017ರ ಕಾನೂನು ನಿಷೇಧಿಸಿದೆ.

ಡಾ. ಕೇಡ್ ಅವರು 1952ರಿಂದ 1977ರವರೆಗೆ ಮೆಲ್ಬರ್ನ್‌ನ ರಾಯಲ್ ಪಾರ್ಕ್ ಆಸ್ಪತ್ರೆಯ ಮುಖ್ಯಸ್ಥರಾಗಿದ್ದರು. ಅವರಿಗೆ ದೇಶವಿದೇಶಗಳ ಗೌರವಗಳು ದೊರೆತವು. ಆದರೂ ಸರಳವಾಗಿಯೇ ಬಾಳಿದರು. 1980ರ ನವೆಂಬರ್ 16ರಂದು ಅವರು ನಿಧನ ಹೊಂದಿದರು. ಅವರು ತೋರಿದ ಔಷಧವನ್ನು ಇಂದಿಗೂ ವೈದ್ಯರು ರಕ್ತ ಪರೀಕ್ಷೆ ಮಾಡಿಸುತ್ತ, ಅಳತೆ ನೋಡಿ ಕೊಡುತ್ತಾರೆ. ಅದರಿಂದ ಅನೇಕರು ಶಾಲೆಗೆ, ಹೊಲಕ್ಕೆ, ಕಚೇರಿಗೆ ಹೋಗಿ ಎಲ್ಲರಂತೆ ಬಾಳುತ್ತಿದ್ದಾರೆ.

ಮಕ್ಕಳೇ, ನಿಮ್ಮ ಓಣಿಯಲ್ಲಿ ಯಾರಿಗಾದರೂ ಮನಸ್ಸಿನ ಬೇನೆ ಇದ್ದರೆ ಅವರನ್ನು ನೋಡಿ ನಗಬೇಡಿರಿ, ಕಲ್ಲು ಎಸೆಯಬೇಡಿರಿ. ಅದು ಅವರ ತಪ್ಪೂ ಅಲ್ಲ, ಪಾಪವೂ ಅಲ್ಲ. ದವಾಖಾನೆಗೆ ಕರೆದೊಯ್ಯಲು ಹಿರಿಯರಿಗೆ ಹೇಳಿರಿ. ಸರಕಾರದ 14416 ಎಂಬ ಉಚಿತ ದೂರವಾಣಿಗೆ ಕರೆ ಮಾಡಿದರೂ ಸಲಹೆ ದೊರೆಯುತ್ತದೆ. ಅವರು ಗುಣವಾದಂತೆ ಕಂಡರೂ ವೈದ್ಯರನ್ನು ಕೇಳದೆ ಔಷಧ ಬಿಡಬಾರದು, ತಾವಾಗಿಯೇ ಹೆಚ್ಚು ಮಾಡಲೂ ಬಾರದು ಎಂಬುದನ್ನು ಮನೆಯವರಿಗೆ ನೆನಪಿಸಿರಿ. ಆಸ್ಪತ್ರೆಯ ಆವರಣದಲ್ಲಿ ಆಡಿ ಬೆಳೆದ ಆ ಬಾಲಕನಂತೆ ನೀವೂ ಅವರನ್ನು ನೆರೆಯವರೆಂದು ಕಾಣಿರಿ. ಹತ್ತಿರ ಕುಳಿತು ನಾಲ್ಕು ಮಾತಾಡಿರಿ. ಅದಕ್ಕೆ ವೈದ್ಯರಾಗಿಯೇ ಇರಬೇಕೆಂದಿಲ್ಲ.