ಅಮ್ಮನ ಮಾತ್ರೆ ಮತ್ತು ಕೋಕರ್ ಎಂಬ ಸರ್ಜನ್

ನಮ್ಮದು ಮೂಡಿಗೆರೆ ಹತ್ತಿರದ ಹಳ್ಳಿ. ಎರಡು ವರ್ಷದ ಹಿಂದೆ ಕಾಫಿ ಕುಯ್ಲಿನ ಹೊತ್ತಿಗೆ ಅಮ್ಮ ಅರ್ಧ ದಿನಕ್ಕೇ ಸುಸ್ತಾಗಿ ಕೂತುಬಿಡುತ್ತಿದ್ದಳು. ಮುಖ ಊದಿತ್ತು. ಬಿಸಿಲಲ್ಲೂ ಚಳಿ, ಜೊತೆಗೆ ಮರೆವು. ವಯಸ್ಸಾಯಿತು ಅಂತ ನಾವೆಲ್ಲ ಸುಮ್ಮನಿದ್ದೆವು. ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಹಾರ್ಮೋನ್ ಕಡಿಮೆ ಎಂದು ಗೊತ್ತಾಯಿತು. ಇದರ ಬಗ್ಗೆ ಹುಡುಕಿ ಓದುವಾಗ ಸಿಕ್ಕವರು ಥಿಯೋಡರ್ ಕೋಕರ್.

ಕೋಕರ್ ಹುಟ್ಟಿದ್ದು 1841ರಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ. ತಂದೆ ಎಂಜಿನಿಯರ್. ಮಗ 30ನೇ ವಯಸ್ಸಿಗೇ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸರ್ಜರಿ ಪ್ರೊಫೆಸರ್ ಆದರು. ಅದೂ ನಮ್ಮಂತೆ ಬೆಟ್ಟದ ನಾಡು. ಮಣ್ಣಿನ ಅಯೋಡಿನ್ ನೀರಿನಲ್ಲಿ ತೊಳೆದುಹೋಗಿರುವ ಇಂಥ ಕಡೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಊದಿ ಗಳಗಂಡ ಬರುವುದು ಹೆಚ್ಚು. ಆಗೆಲ್ಲ ಅದರ ಆಪರೇಷನ್ ಎಂದರೆ ಜೀವದ ಆಸೆ ಬಿಟ್ಟಂತೆ. ಕೋಕರ್ ಶುಚಿತ್ವ ಪಾಲಿಸಿ, ರಕ್ತನಾಳಗಳನ್ನು ಕಟ್ಟುತ್ತಾ ನಿಧಾನವಾಗಿ ಕೊಯ್ದರು. ಸಾವುಗಳು ತೀರಾ ಇಳಿದವು. ಹೆಸರೂ ಬಂತು.

ಅಷ್ಟರಲ್ಲಿ ಒಂದು ಸುದ್ದಿ ತಲುಪಿತು. 1874ರಲ್ಲಿ ಅವರು ಗ್ರಂಥಿಯನ್ನು ಪೂರ್ತಿ ತೆಗೆದಿದ್ದ 11 ವರ್ಷದ ಹುಡುಗಿ ಆಮೇಲೆ ಸರಿಯಾಗಿ ಬೆಳೆಯಲಿಲ್ಲ, ಮಂಕಾಗಿದ್ದಳು. ಜಿನೀವಾದ ಸರ್ಜನ್ ರೆವರ್ಡಿನ್ ಕೂಡ ಇಂಥ ರೋಗಿಗಳನ್ನು ಕಂಡಿದ್ದರು. ಕೋಕರ್ ತಮ್ಮ ಹಳೆಯ ರೋಗಿಗಳನ್ನು ವಾಪಸ್ ಕರೆಸಿದರು. ಗ್ರಂಥಿ ಪೂರ್ತಿ ಕಳೆದುಕೊಂಡು ಪರೀಕ್ಷೆಗೆ ಬಂದ 18 ಮಂದಿಯಲ್ಲಿ 16 ಜನರಿಗೆ ಅದೇ ಊತ, ಚಳಿ, ಮಂದಗತಿ. 1883ರಲ್ಲಿ ಬರ್ಲಿನ್‌ನ ಸರ್ಜನ್‌ಗಳ ಸಮ್ಮೇಳನದಲ್ಲಿ ಎಲ್ಲವನ್ನೂ ಬಿಚ್ಚಿಟ್ಟರು. ಅಲ್ಲಿಂದ ಮುಂದೆ ಸಾಧಾರಣ ಗಳಗಂಡಕ್ಕೆ ಗ್ರಂಥಿಯ ಒಂದು ಭಾಗ ಉಳಿಸಿಯೇ ಆಪರೇಷನ್ ಮಾಡಿದರು. ಇಡೀ ದೇಹದ ವೇಗ ಈ ಸಣ್ಣ ಗ್ರಂಥಿಯ ಕೈಯಲ್ಲಿದೆ ಎಂಬುದು ಸ್ಪಷ್ಟವಾಗಲು ಈ ತಪ್ಪೊಪ್ಪಿಗೆ ದೊಡ್ಡ ಕಾರಣ. 1909ರಲ್ಲಿ ನೊಬೆಲ್ ಬಂತು, ಅದನ್ನು ಪಡೆದ ಮೊದಲ ಸರ್ಜನ್ ಅವರೇ. 1917ರಲ್ಲಿ ತೀರಿಕೊಂಡರು.

ಇದನ್ನು ಓದಿದ ವಾರ ನನಗೆ ನಿದ್ದೆ ಹತ್ತಲಿಲ್ಲ. ಅಮ್ಮನ ಸುಸ್ತು ಕಡಿಮೆಯಾಗಿರಲಿಲ್ಲ, ಡಾಕ್ಟರ್ ಡೋಸ್ ಹೆಚ್ಚಿಸುವ ಯೋಚನೆಯಲ್ಲಿದ್ದರು. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ಕೊಡಬೇಕೆಂದು ಅವರು ಹೇಳಿದ್ದು ನನ್ನ ಬಳಿ. ಸೆಮಿಸ್ಟರ್ ಪರೀಕ್ಷೆಯ ಗಡಿಬಿಡಿಯಲ್ಲಿ ಅಮ್ಮನಿಗೆ ತಿಳಿಸಲೇ ಇಲ್ಲ. ಅವಳು ದಿನಾ ಕಾಫಿ ಜೊತೆ ನುಂಗುತ್ತಿದ್ದಳು. ಕಾಫಿಯಿಂದ ಆ ಔಷಧ ಮೈಗೆ ಸರಿಯಾಗಿ ಸೇರುವುದಿಲ್ಲ.

ಮುಂದಿನ ಸಲ ಹೋದಾಗ ಡಾಕ್ಟರ್ ಎದುರೇ ಹೇಳಿಬಿಟ್ಟೆ. ಡೋಸ್ ಹಾಗೇ ಉಳಿಯಿತು. ಈಗ ಅಮ್ಮ ಎದ್ದ ಕೂಡಲೇ ಮಾತ್ರೆ ನುಂಗುತ್ತಾಳೆ, ಕಾಫಿ ಒಂದು ಗಂಟೆ ತಡ. ಈ ಸಲದ ಕುಯ್ಲಿನಲ್ಲಿ ಸಂಜೆವರೆಗೂ ತೋಟದಲ್ಲಿದ್ದಳು.