ಎಗ್ಮೋರಿನ ನೇತ್ರವೈದ್ಯ ಕರ್ನಲ್ ಎಲಿಯಟ್

ಎಗ್ಮೋರಿನ ಸರಕಾರಿ ಕಣ್ಣಾಸ್ಪತ್ರೆಯನ್ನು ಅರಿಯದ ಕನ್ನಡಿಗರು ಚೆನ್ನೈಯಲ್ಲಿ ವಿರಳ. ತಮ್ಮ ಕಣ್ಣಿಗಾಗಿ ಅಲ್ಲಿಗೆ ಹೋಗುವ ಪ್ರಸಂಗ ಬಾರದವರೂ ಊರಿನಿಂದ ಬಂದ ತಾಯಿಯನ್ನೋ, ಹೋಟೆಲಿನ ಹಿರಿಯ ಅಡಿಗೆಯವರನ್ನೋ ಕೈಹಿಡಿದು ಅದರ ಮೆಟ್ಟಿಲು ಹತ್ತಿಸಿರುತ್ತಾರೆ. 1819ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಆಡಳಿತದಲ್ಲಿ ಮದರಾಸು ಐ ಇನ್‌ಫರ್ಮರಿ ಎಂಬ ಹೆಸರಿನಿಂದ ಆರಂಭವಾದ ಸಂಸ್ಥೆಯಿದು. ಲಂಡನ್ನಿನ ಸುಪ್ರಸಿದ್ಧ ಮೂರ್‌ಫೀಲ್ಡ್ಸ್ ಆಸ್ಪತ್ರೆ ಇದಕ್ಕಿಂತ ಹದಿನಾಲ್ಕು ವರ್ಷಗಳಷ್ಟೇ ಹಿರಿಯದು. ಬಳ್ಳಾರಿ ಸೀಮೆ 1953ರ ವರೆಗೂ, ದಕ್ಷಿಣ ಕನ್ನಡ 1956ರ ವರೆಗೂ ಮದರಾಸಿಗೇ ಸೇರಿದ್ದುದರಿಂದ ಕರಾವಳಿಯವರಿಗೂ ಬಳ್ಳಾರಿಯವರಿಗೂ ಇದು ತಮ್ಮ ರಾಜಧಾನಿಯ ಕಣ್ಣಾಸ್ಪತ್ರೆಯೇ ಆಗಿದ್ದಿತು. ಈ ಸಂಸ್ಥೆಯ ಹೆಸರನ್ನು ಪ್ರಪಂಚದ ನೇತ್ರವೈದ್ಯರ ನಾಲಗೆಯ ಮೇಲೆ ತಂದವರು, 1904ರಿಂದ ಸುಮಾರು ಹತ್ತು ವರ್ಷ ಅದರ ಸೂಪರಿಂಟೆಂಡೆಂಟರಾಗಿದ್ದ ಲೆಫ್ಟಿನೆಂಟ್ ಕರ್ನಲ್ ರಾಬರ್ಟ್ ಹೆನ್ರಿ ಎಲಿಯಟ್.

ಎಲಿಯಟ್ ಹುಟ್ಟಿದ್ದು 1864ರಲ್ಲಿ. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ವೈದ್ಯ ಶಿಕ್ಷಣ ಪಡೆದು, ಭಾರತೀಯ ವೈದ್ಯ ಸೇವೆಗೆ ಸೇರಿ ಮದರಾಸಿಗೆ ಬಂದರು. ಅವರ ಮೊದಲ ಕೀರ್ತಿ ಕಣ್ಣಿನಿಂದ ಬಂದುದಲ್ಲ, ಹಾವಿನಿಂದ ಬಂದುದು! ನಾಗರಹಾವಿನ ಮತ್ತು ಸಮುದ್ರದ ಹಾವುಗಳ ವಿಷವು ಹೃದಯ ಹಾಗೂ ರಕ್ತನಾಳಗಳ ಮೇಲೆ ಎಂತಹ ಪರಿಣಾಮವನ್ನುಂಟು ಮಾಡುವುದೆಂಬುದನ್ನು ಎಡಿನ್‌ಬರೋದ ಥಾಮಸ್ ಫ್ರೇಸರ್ ಎಂಬ ವಿದ್ವಾಂಸರೊಡನೆ ಅವರು ಶೋಧಿಸಿದರು. ಕೇಳಿದ್ದನ್ನು ನಂಬದೆ ಅಳೆದು ನೋಡಿ ನಂಬುವ ಸ್ವಭಾವ ಅವರಲ್ಲಿ ಬೇರೂರಿದ್ದುದು ಈ ಕೆಲಸದಿಂದಲೇ ತಿಳಿಯುತ್ತದೆ. ಮುಂದೆ ಕಣ್ಣಿನ ಆಸ್ಪತ್ರೆಯ ಅಧಿಕಾರವೂ ಮೆಡಿಕಲ್ ಕಾಲೇಜಿನ ಪ್ರಾಧ್ಯಾಪಕ ಪದವಿಯೂ ಕೈಗೆ ಬಂದಾಗ ಆ ಸ್ವಭಾವವೇ ಅವರ ಬಂಡವಾಳವಾಯಿತು.

ಆಗಿನ ದಿನಗಳ ನಮ್ಮ ಹಳ್ಳಿಗಳ ಸ್ಥಿತಿಯನ್ನು ವಾಚಕರು ಒಮ್ಮೆ ಕಲ್ಪಿಸಿಕೊಳ್ಳಬೇಕು. ಮುಪ್ಪಿನಲ್ಲಿ ಕಣ್ಣಿಗೆ ಪೊರೆ ಬರುವುದು ಸಹಜ. ಕಣ್ಣಿನೊಳಗಿನ ಮಸೂರವು ಮಬ್ಬಾಗಿ ಬೆಳಕಿಗೆ ಅಡ್ಡ ನಿಲ್ಲುವುದೇ ಪೊರೆ. ಇದಕ್ಕೆ ಸುಶ್ರುತ ಸಂಹಿತೆಯ ಕಾಲದಿಂದಲೂ ನಮ್ಮ ದೇಶದಲ್ಲಿ ಒಂದು ಚಿಕಿತ್ಸೆಯುಂಟು. ಸೂಜಿಯಂತಹ ಶಲಾಕೆಯನ್ನು ಕಣ್ಣಿಗೆ ಚುಚ್ಚಿ, ಮಬ್ಬಾದ ಮಸೂರವನ್ನು ಹಿಂದಕ್ಕೆ ತಳ್ಳಿ ಬೀಳಿಸುವುದು. ಮಸೂರ ಹೊರಗೆ ಬರುವುದಿಲ್ಲ, ಕಣ್ಣಿನೊಳಗೇ ಇರುವ ಲೋಳೆಯಂತಹ ದ್ರವದಲ್ಲಿ ಮುಳುಗಿ ಕುಳಿತಿರುತ್ತದೆ. ಊರಿಂದೂರಿಗೆ ಅಲೆಯುವ ಕಣ್ಣುವೈದ್ಯರು ಸಂತೆಯಲ್ಲಿಯೋ ಮನೆಯ ಜಗಲಿಯಲ್ಲಿಯೋ ಇದನ್ನು ಮಾಡುತ್ತಿದ್ದರು. ಪೊರೆ ಸರಿದೊಡನೆ ರೋಗಿಗೆ ಬೆಳಕು ಕಾಣುತ್ತದೆ, ಎದುರಿಗೆ ಹಿಡಿದ ಬೆರಳುಗಳನ್ನು ಎಣಿಸುತ್ತಾನೆ, ಮನೆಯವರು ಆನಂದಬಾಷ್ಪ ಸುರಿಸುತ್ತಾರೆ, ವೈದ್ಯನು ತನ್ನ ಸಂಭಾವನೆ ಪಡೆದು ಮುಂದಿನ ಊರಿಗೆ ನಡೆಯುತ್ತಾನೆ. ದಿನಗಳೋ ವಾರಗಳೋ ಕಳೆದ ಮೇಲೆ ಕಣ್ಣು ಕೆಂಪಾಗಿ ಕೀವುಗೂಡುವುದು, ಇಲ್ಲವೆ ಒಳಗಿನ ಒತ್ತಡವೇರಿ ಅಸಾಧ್ಯ ನೋವಿನೊಡನೆ ದೃಷ್ಟಿ ಶಾಶ್ವತವಾಗಿ ನಂದಿಹೋಗುವುದು. ಅದನ್ನು ನೋಡಲು ಆ ವೈದ್ಯನು ಅಲ್ಲಿರುವುದಿಲ್ಲ.

ಹೀಗೆ ಕೆಟ್ಟ ಕಣ್ಣುಗಳು ಕಡೆಗೆ ಬಂದು ಸೇರುತ್ತಿದ್ದುದು ಎಗ್ಮೋರಿಗೆ. ಎಲಿಯಟ್ ಅವನ್ನು ಶಪಿಸಿ ಬಿಟ್ಟುಬಿಡಲಿಲ್ಲ. ಬಂದ ಪ್ರತಿಯೊಬ್ಬನ ವೃತ್ತಾಂತವನ್ನೂ ದಾಖಲೆ ಮಾಡಿಸಿದರು, ಕಣ್ಣು ಎಷ್ಟು ಕೆಟ್ಟಿದೆ, ಯಾವುದರಿಂದ ಕೆಟ್ಟಿದೆ ಎಂಬುದನ್ನು ಪಟ್ಟಿಮಾಡಿದರು. ನೋವು ತಾಳಲಾರದೆ ತೆಗೆಯಬೇಕಾಗಿ ಬಂದ ಕಣ್ಣುಗುಡ್ಡೆಗಳನ್ನು ಎಸೆಯದೆ ಕೊಯ್ದು, ತಳ್ಳಿದ ಮಸೂರ ಒಳಗೆ ಎಲ್ಲಿ ಬಿದ್ದಿದೆ, ಏನು ಹಾನಿ ಮಾಡಿದೆ ಎಂಬುದನ್ನು ನೋಡಿದರು. ಈ ಅಭ್ಯಾಸದ ಫಲವನ್ನು 1917ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಯಲ್ಲಿ ಹಂಟೇರಿಯನ್ ಉಪನ್ಯಾಸಗಳ ರೂಪದಲ್ಲಿ ಮಂಡಿಸಿದರು, ಅನಂತರ ಅದು ಗ್ರಂಥವಾಗಿಯೂ ಬಂದಿತು. ಗ್ರಂಥದ ಎಣಿಕೆಯಲ್ಲಿ ಒಂದು ಕೊರತೆಯುಂಟೆಂದು ನಮಗೆ ತೋರುತ್ತದೆ. ಹಳ್ಳಿಯ ವೈದ್ಯನ ಕೈಯಲ್ಲಿ ಗುಣವಾದವನಿಗೆ ಆಸ್ಪತ್ರೆಗೆ ಬರುವ ಕಾರಣವೇನು? ಬಂದವರಲ್ಲಿ ಹೆಚ್ಚಿನವರು ಕೆಟ್ಟವರೇ ಆಗಿರಬೇಕಷ್ಟೆ. ಆದರೂ ಕೆಡುಕಿನ ಪ್ರಮಾಣ ಘೋರವಾಗಿದ್ದುದರಲ್ಲಿ ಸಂದೇಹವಿಲ್ಲ.

ಹೋಟೆಲಿನ ಗಲ್ಲದ ಮೇಲೆ ಕೆಲವು ವರ್ಷ ಕುಳಿತವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ಅತೃಪ್ತನಾದ ಗಿರಾಕಿ ಜಗಳಕ್ಕೆ ನಿಲ್ಲುವುದಿಲ್ಲ, ಮರಳಿ ಬರುವುದಿಲ್ಲ ಅಷ್ಟೆ. ಬಂದವರ ಮುಖ ನೋಡಿಯೇ ವ್ಯಾಪಾರ ಅಳೆಯುವವನಿಗೆ ನಷ್ಟದ ಸುಳಿವೇ ಹತ್ತದು. ವೈದ್ಯನ ಪಾಡೂ ಅದೇ. ಅಲೆಮಾರಿ ವೈದ್ಯನು ಮೋಸಗಾರನೇ ಆಗಿರಬೇಕೆಂದಿಲ್ಲ. ತನ್ನ ಕೈಯಿಂದ ಬೆಳಕು ಬಂದುದನ್ನು ಮಾತ್ರ ಕಂಡು, ಅದು ಆರಿದುದನ್ನು ಎಂದೂ ಕಾಣದೆ, ತಾನು ಪುಣ್ಯ ಕಾರ್ಯವನ್ನೇ ಮಾಡುತ್ತಿರುವೆನೆಂದು ಪ್ರಾಮಾಣಿಕವಾಗಿ ನಂಬಿದ್ದವನೂ ಇರಬಹುದು. ಮೇಲಾಗಿ ಅವನು ಮನೆಯ ಬಾಗಿಲಿಗೇ ಬರುತ್ತಿದ್ದನು. ಮದರಾಸಿಗೆ ಹೋಗುವುದೆಂದರೆ ಆ ಕಾಲದಲ್ಲಿ ಸಾಮಾನ್ಯವೆ? ಮಂಗಳೂರಿಗೆ ರೈಲು ಬಂದಿದ್ದೇ 1907ರಲ್ಲಿ. ಕುರುಡನಾದ ಬಡ ಒಕ್ಕಲಿಗನಿಗೆ ಜೊತೆಗೊಬ್ಬ, ಇಬ್ಬರಿಗೂ ದಾರಿಖರ್ಚು, ಅರಿಯದ ಭಾಷೆ, ಕತ್ತಿಯ ಭಯ. ಬಾಗಿಲಿಗೆ ಬಂದವನನ್ನು ಅವನು ನಂಬಿದ್ದರಲ್ಲಿ ಆಶ್ಚರ್ಯವೇನು? ಬಹು ಕಾಲದ ಮೇಲೆ ನಮ್ಮ ಬೀಳಗಿಯ ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೆ ಶಿಬಿರ ಹೂಡಿ, ಸಾವಿರಾರು ಜನರ ಪೊರೆಯನ್ನು ಶಾಸ್ತ್ರೋಕ್ತವಾಗಿ ತೆಗೆದು ಈ ಗಂಟನ್ನು ಬಿಡಿಸಿದರು. ಆ ಮಹನೀಯರು 2005ರಲ್ಲಿ ತೀರಿಕೊಂಡರು, ಅವರ ಚರಿತ್ರೆಯನ್ನು ಪ್ರತ್ಯೇಕವಾಗಿಯೇ ಬರೆಯಬೇಕು.

ಇನ್ನು ಎಲಿಯಟ್ಟರನ್ನು ಲೋಕವಿಖ್ಯಾತರನ್ನಾಗಿ ಮಾಡಿದ ಶಸ್ತ್ರಚಿಕಿತ್ಸೆಯ ವಿಷಯ. ಪೊರೆಗಿಂತಲೂ ಕ್ರೂರವಾದ ವ್ಯಾಧಿ ಗ್ಲಾಕೋಮಾ. ಕಣ್ಣಿನೊಳಗೆ ಸದಾ ಒಂದು ತಿಳಿನೀರು ಉತ್ಪನ್ನವಾಗಿ, ಸದಾ ಹೊರಕ್ಕೆ ಹರಿದುಹೋಗುತ್ತಿರುತ್ತದೆ. ಹೊರದಾರಿ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಮೆದುಳಿಗೆ ಹೋಗುವ ದೃಷ್ಟಿ ನರವನ್ನು ಕ್ರಮೇಣ ಕೊಲ್ಲುತ್ತದೆ. ಬಹುಮಂದಿಗೆ ನೋವೇ ಇರುವುದಿಲ್ಲ. ಮೊದಲು ಪಕ್ಕದ ನೋಟ ಹೋಗುತ್ತದೆ. ನೆಟ್ಟಗೆ ಎದುರಿನದು ಕಾಣುತ್ತಿರುವುದರಿಂದ ರೋಗಿಗೆ ಅರಿವಾಗುವುದೇ ಇಲ್ಲ, ಅರಿವಾಗುವ ಹೊತ್ತಿಗೆ ಹೋದದ್ದು ಹೋಯಿತು. ಪೊರೆ ತೆಗೆದರೆ ದೃಷ್ಟಿ ಮರಳುವುದು, ಗ್ಲಾಕೋಮಾದಲ್ಲಿ ಕಳೆದ ದೃಷ್ಟಿ ಮರಳುವುದಿಲ್ಲ, ಉಳಿದುದನ್ನು ಕಾಪಾಡಬಹುದು ಅಷ್ಟೆ. ಬರ್ಲಿನ್ನಿನ ಫಾನ್ ಗ್ರೇಫೆ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಂಡುಹಿಡಿದ ಚಿಕಿತ್ಸೆ ಹಠಾತ್ತನೆ ಬರುವ ಗ್ಲಾಕೋಮಾಕ್ಕೆ ಒದಗುತ್ತಿದ್ದಿತೇ ಹೊರತು ನಿಧಾನವಾಗಿ ಕೊಲ್ಲುವುದಕ್ಕೆ ಅಷ್ಟಾಗಿ ಒದಗುತ್ತಿರಲಿಲ್ಲ. ಫ್ರಾನ್ಸಿನ ಲಾಗ್ರಾಂಜ್ ಎಂಬವರು 1906ರಲ್ಲಿ ಕಣ್ಣಿನ ಬಿಳಿಯ ಗೋಡೆಯ ಚೂರನ್ನೇ ಕತ್ತರಿಸಿ ತೆಗೆದು ನೀರಿಗೆ ದಾರಿ ಮಾಡಿದರು. ಆದರೆ ಕತ್ತರಿಯ ಕೆಲಸದಲ್ಲಿ ತೂತಿನ ಅಳತೆ ಒಂದು ಸಲದಂತೆ ಮತ್ತೊಂದು ಸಲ ಇರುವುದು ಕಷ್ಟ.

ಎಲಿಯಟ್ 1909ರಲ್ಲಿ ಎಗ್ಮೋರಿನಲ್ಲಿ ಹಿಡಿದ ಉಪಕರಣ ಟ್ರೆಫೈನ್. ಅಂಚು ಹರಿತವಾದ ಪುಟ್ಟ ಕೊಳವೆ ಅದು, ಬೆರಳುಗಳಲ್ಲಿ ಹಿಡಿದು ತಿರುಗಿಸಿದರೆ ದುಂಡನೆಯ ಬಿಲ್ಲೆಯೊಂದು ಕತ್ತರಿಸಿ ಬರುತ್ತದೆ. ಬೇಕರಿಯಲ್ಲಿ ಬಿಸ್ಕತ್ತಿನ ಹಿಟ್ಟನ್ನು ಅಚ್ಚಿನಿಂದ ಕತ್ತರಿಸುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಬಿಲ್ಲೆಯ ಅಗಲ ಎರಡು ಮಿಲಿಮೀಟರಿನ ಆಸುಪಾಸು ಮಾತ್ರ. ಕಣ್ಣಿನ ಮೇಲುಭಾಗದ ತೆಳು ಪೊರೆಯನ್ನು ಮೊದಲು ಮಡಿಸಿ ಎತ್ತಿ, ಕಪ್ಪು ಬಿಳಿಗಳ ಗಡಿಯಲ್ಲಿ ತೂತು ಕೊರೆದು, ಮತ್ತೆ ಆ ಪೊರೆಯನ್ನು ಮುಚ್ಚುವುದು. ನೀರು ತೂತಿನಿಂದ ಒಸರಿ ಪೊರೆಯ ಅಡಿಯಲ್ಲಿ ಹರಡಿ ಇಂಗಿಹೋಗುತ್ತದೆ. ಗ್ಲಾಸ್ಗೋವಿನ ಫರ್ಗಸ್ ಎಂಬವರೂ ಅದೇ ಕಾಲದಲ್ಲಿ ಇಂತಹುದೇ ಪ್ರಯೋಗ ಮಾಡಿದ್ದರು. ಆದರೆ ಎಷ್ಟು ಮುಂದಕ್ಕೆ ಕೊರೆಯಬೇಕು, ಪೊರೆಯನ್ನು ಎಷ್ಟು ದಪ್ಪ ಉಳಿಸಬೇಕು ಎಂಬುದನ್ನು ನೂರಾರು ಕಣ್ಣುಗಳಲ್ಲಿ ಮಾಡಿ, ತಿದ್ದಿ, ಯಾರೂ ಕಲಿಯಬಹುದಾದ ಕ್ರಮಕ್ಕೆ ತಂದವರು ಎಲಿಯಟ್. ಈ ಕುರಿತ ಅವರ ಗ್ರಂಥ 1913ರಲ್ಲಿ ಪ್ರಕಟವಾಯಿತು. ಅನಂತರ ಕೆಲವು ದಶಕಗಳ ಕಾಲ ಗ್ಲಾಕೋಮಾ ಎಂದರೆ ಎಲಿಯಟ್ಟರ ಟ್ರೆಫೈನ್ ಎಂಬಷ್ಟು ಅದು ಪ್ರಚಾರಕ್ಕೆ ಬಂದಿತು.

ಅದರ ದೋಷವನ್ನು ಮುಚ್ಚಿಡುವುದು ಸಲ್ಲದು. ತೂತಿನ ಮೇಲಿನ ಪೊರೆ ಕೆಲವರಲ್ಲಿ ವರ್ಷಗಳ ಮೇಲೆ ತೀರ ತೆಳುವಾಗಿ, ಅಲ್ಲಿಂದ ರೋಗಾಣು ಹೊಕ್ಕು, ಆ ದಿನಗಳಲ್ಲಿ ಪೆನಿಸಿಲಿನ್ ಮೊದಲಾದ ಔಷಧಗಳೂ ಇಲ್ಲದೆ, ಕಾಪಾಡಿದ ಕಣ್ಣೇ ಕೈಬಿಟ್ಟುಹೋಗುತ್ತಿತ್ತು. ಒತ್ತಡ ವಿಪರೀತ ಇಳಿದು ಕಣ್ಣು ಮೆತ್ತಗಾಗುವುದೂ ಇತ್ತು. ಅದಕ್ಕಾಗಿಯೇ 1960ರ ದಶಕದಲ್ಲಿ ತೂತಿನ ಮೇಲೆ ಬಿಳಿಗೋಡೆಯದೇ ಅರ್ಧ ದಪ್ಪದ ಮುಚ್ಚಳವನ್ನಿಟ್ಟು ಹೊಲಿಯುವ ಟ್ರಾಬೆಕ್ಯುಲೆಕ್ಟಮಿ ಎಂಬ ಕ್ರಮ ಬಂದಿತು, ಕೇಂಬ್ರಿಜ್ಜಿನ ಕೇರ್ನ್ಸ್ 1968ರಲ್ಲಿ ಅದನ್ನು ವಿವರಿಸಿದರು. ಎಲಿಯಟ್ಟರ ಟ್ರೆಫೈನ್ ಆ ಮೇಲೆ ಮೂಲೆ ಸೇರಿತು. ನೀರಿಗೆ ಹೊಸ ದಾರಿ ಕೊಡಬೇಕೆಂಬ ಅದರ ತತ್ವ ಮಾತ್ರ ಇಂದಿಗೂ ನಡೆಯುತ್ತಿದೆ.

ಎಲಿಯಟ್ಟರ ಕಾಲದ ವೈದ್ಯರು ಕಾಲಿಡಲಂಜುತ್ತಿದ್ದ ಒಂದು ಪ್ರದೇಶ ಕಣ್ಣಿನಲ್ಲಿತ್ತು. ಮಸೂರದ ಹಿಂದೆ ತುಂಬಿರುವ ಲೋಳೆಯೂ ಅದರ ಹಿಂಬದಿಯ ಅಕ್ಷಿಪಟವೂ. ಪೊರೆ ತೆಗೆಯುವಾಗ ಆ ಲೋಳೆ ಹೊರಚೆಲ್ಲಿದರೆ ಕಣ್ಣಿಗೆ ಮಹಾ ವಿಪತ್ತೆಂದೇ ಎಣಿಸುತ್ತಿದ್ದರು. ಅಕ್ಷಿಪಟದ ನಟ್ಟನಡುವೆ, ಓದಲು, ಮುಖ ಗುರುತಿಸಲು, ಸೂಜಿಗೆ ದಾರ ಪೋಣಿಸಲು ಬೇಕಾದ ಮ್ಯಾಕ್ಯುಲ ಎಂಬ ಭಾಗದಲ್ಲಿ ಕೆಲವರಿಗೆ ತೂತು ಬೀಳುವುದನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಕಂಡಿದ್ದರು. ಕಂಡು ಕೈಚೆಲ್ಲಿದರು. ಮುಪ್ಪಿನಲ್ಲಿ ಲೋಳೆ ಕುಗ್ಗುತ್ತ ಅಕ್ಷಿಪಟವನ್ನು ಎಳೆಯುವುದೇ ಇದಕ್ಕೆ ಹೆಚ್ಚಿನ ಕಾರಣ. ನೆಟ್ಟಗಿನ ಗೆರೆ ಸೊಟ್ಟಗೆ ಕಾಣುವುದು, ಎದುರಿನವರ ಮುಖದ ನಡುಭಾಗವೇ ಅಳಿಸಿಹೋಗುವುದು ಲಕ್ಷಣಗಳು.

ಅಮೆರಿಕದ ಮಯಾಮಿಯಲ್ಲಿ ರಾಬರ್ಟ್ ಮಾಕೆಮರ್ 1970ರ ಸುಮಾರಿಗೆ ಆ ಲೋಳೆಯನ್ನೇ ಸೂಕ್ಷ್ಮ ಯಂತ್ರದಿಂದ ಕತ್ತರಿಸಿ ಹೀರುವ ವಿಧಾನವನ್ನು ರೂಢಿಗೆ ತಂದರು. ಅದರ ಮೇಲೆ 1991ರಲ್ಲಿ ಕೆಲಿ ಮತ್ತು ವೆಂಡೆಲ್ ಎಂಬವರು 52 ಕಣ್ಣುಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿ 30ರಲ್ಲಿ ಮ್ಯಾಕ್ಯುಲದ ತೂತು ಮುಚ್ಚಿದುದನ್ನು ವರದಿ ಮಾಡಿದಾಗ ವೈದ್ಯಲೋಕ ಬೆರಗಾಯಿತು. ಲೋಳೆಯನ್ನು ತೆಗೆದು, ಅನಿಲದ ಗುಳ್ಳೆಯೊಂದನ್ನು ಒಳಗೆ ಬಿಟ್ಟು, ರೋಗಿಯನ್ನು ಕೆಲವು ದಿನ ಮುಖ ಕೆಳಗಾಗಿ ಇರಿಸುವುದು. ಗುಳ್ಳೆ ಮೇಲಕ್ಕೇರಿ ತೂತಿನ ಅಂಚುಗಳನ್ನು ಒತ್ತಿ ಹಿಡಿಯುವುದು. ತೂತಿನ ಅಗಲ 400 ಮೈಕ್ರಾನ್, ಎಂದರೆ ಮಿಲಿಮೀಟರಿನ ಹತ್ತರಲ್ಲಿ ನಾಲ್ಕು ಪಾಲು, ಮೀರಿದರೆ ಅದು ದೊಡ್ಡ ತೂತು, ಮುಚ್ಚುವುದು ಕಷ್ಟ. ಎಲಿಯಟ್ಟರು ಕೊರೆದ ತೂತಿನ ಐದರಲ್ಲೊಂದು ಪಾಲಿನದು ಇಲ್ಲಿ ದೊಡ್ಡದೆನಿಸುವುದು ವಿಚಿತ್ರವಲ್ಲವೆ? ಅಂತಹುದಕ್ಕೆ ಪೋಲೆಂಡಿನ ಮಿಖಾಲೆವ್ಸ್ಕಾ ಮತ್ತು ನಾವ್ರೊತ್ಸ್ಕಿಯವರು 2010ರಲ್ಲಿ ಪ್ರಕಟಿಸಿದ ಉಪಾಯವೆಂದರೆ, ಅಕ್ಷಿಪಟದ ಮೇಲಣ ಅತಿ ತೆಳು ಪದರವನ್ನು ಪೂರ್ತಿ ಕಿತ್ತೆಸೆಯದೆ ತೂತಿನ ಮೇಲೆ ಮಗುಚಿ ಹಾಸುವುದು. ಆ ಹಾಸಿನ ಆಸರೆಯಲ್ಲಿ ಅಂಚುಗಳು ಕೂಡಿಕೊಳ್ಳುತ್ತವೆ. ತೂತು ಮುಚ್ಚಿದೊಡನೆ ಹಿಂದಿನ ನೋಟ ಪೂರ್ತಿ ಮರಳುವುದೆಂದು ಯಾರೂ ಭಾವಿಸಬಾರದು. ತಡಮಾಡಿದಷ್ಟೂ ಫಲ ಕಡಿಮೆ.

ಇಂದು ಇದಕ್ಕಾಗಿ ಪರದೇಶಕ್ಕೆ ಹೋಗಬೇಕಾಗಿಲ್ಲ. ಅಕ್ಷಿಪಟದ ಶಸ್ತ್ರಚಿಕಿತ್ಸೆಯಲ್ಲಿ ನಿಷ್ಣಾತರಾಗಿದ್ದ ದಿವಂಗತ ಡಾಕ್ಟರ್ ಬದರೀನಾಥರು 1978ರಲ್ಲಿ ಸ್ಥಾಪಿಸಿದ ಶಂಕರ ನೇತ್ರಾಲಯವೂ ಚೆನ್ನೈಯಲ್ಲೇ ಇದೆ. ಊರಿನಿಂದ ಬಂದು ಈ ಚಿಕಿತ್ಸೆ ಮಾಡಿಸಿಕೊಳ್ಳುವ ನಮ್ಮವರಿಗೆ ಒಂದು ಮಾತು. ಕಣ್ಣಿನಲ್ಲಿ ಅನಿಲವಿರುವ ವರೆಗೆ ವಿಮಾನ ಹತ್ತಕೂಡದು, ವೈದ್ಯರನ್ನು ಕೇಳದೆ ಮಡಿಕೇರಿಯಂತಹ ಎತ್ತರದ ಊರಿಗೂ ಏರಕೂಡದು. ಹೊರಗಿನ ಗಾಳಿಯ ಒತ್ತಡ ಇಳಿದಂತೆ ಗುಳ್ಳೆ ಹಿಗ್ಗಿ ಕಣ್ಣಿನೊಳಗಿನ ಒತ್ತಡ ಏರುವುದು. ಎಲಿಯಟ್ಟರು ಜೀವಮಾನವೆಲ್ಲ ಹೋರಾಡಿದ ಶತ್ರುವೇ ಬೇರೊಂದು ಬಾಗಿಲಿನಿಂದ ಒಳಗೆ ಬಂದಂತೆ.

ಎಲಿಯಟ್ ಭಾರತ ಬಿಟ್ಟು ಲಂಡನ್ನಿನಲ್ಲಿ ನೆಲೆಸಿದ ಮೇಲೆ ಉಷ್ಣವಲಯದ ವೈದ್ಯಶಾಲೆಯಲ್ಲಿ ಪಾಠ ಹೇಳಿದರು. ಉಷ್ಣ ದೇಶಗಳ ನೇತ್ರರೋಗಗಳನ್ನು ಕುರಿತ ಅವರ ದೊಡ್ಡ ಗ್ರಂಥ 1920ರಲ್ಲಿ ಬಂದಿತು. ಅದರ ಬಹುಪಾಲು ದ್ರವ್ಯ ಎಗ್ಮೋರಿನ ರೋಗಿಗಳು ಕೊಟ್ಟದ್ದು ಎಂಬುದನ್ನು ನಾವು ಮರೆಯುವಂತಿಲ್ಲ. ಮುಪ್ಪಿನಲ್ಲಿ ಅವರಿಗೆ ಹಿಡಿದ ಹವ್ಯಾಸ ಇನ್ನೂ ಸ್ವಾರಸ್ಯದ್ದು. ಅವರು ಇಂದ್ರಜಾಲ ಬಲ್ಲವರು. ಮ್ಯಾಜಿಕ್ ಸರ್ಕಲ್ ಎಂಬ ಲಂಡನ್ನಿನ ಜಾದೂಗಾರರ ಸಂಘದಲ್ಲಿ ಅತೀಂದ್ರಿಯ ವಿಷಯಗಳ ಸಮಿತಿಗೆ ಅಧ್ಯಕ್ಷರಾಗಿ, ಹಿಂದುಸ್ಥಾನದ ಹಗ್ಗದ ವಿದ್ಯೆಯ ಬೆನ್ನು ಹತ್ತಿದರು. ಹಗ್ಗವನ್ನು ಆಕಾಶಕ್ಕೆಸೆದರೆ ಅದು ನೆಟ್ಟಗೆ ನಿಲ್ಲುವುದು, ಹುಡುಗನು ಅದನ್ನೇರಿ ಮಾಯವಾಗುವನು ಎಂಬ ಕತೆ ಯೂರೋಪಿನಲ್ಲೆಲ್ಲ ಹಬ್ಬಿದ್ದಿತು. 1890ರಲ್ಲಿ ಷಿಕಾಗೋದ ಪತ್ರಿಕೆಯೊಂದು ಈ ಬಗೆಯ ಕತೆಯನ್ನು ಅಚ್ಚುಹಾಕಿ, ಕೆಲವು ತಿಂಗಳ ಮೇಲೆ ತಾನೇ ಹೆಣೆದುದೆಂದು ಒಪ್ಪಿಕೊಂಡಿತು, ಒಪ್ಪಿಗೆಯನ್ನು ಮಾತ್ರ ಯಾರೂ ಓದಲಿಲ್ಲ! ಪತ್ರಿಕೆ ನಡೆಸುವ ನಮಗೆ ಇದು ತಿಳಿದ ನೋವೇ.

1934ರಲ್ಲಿ ಲಂಡನ್ನಿನಲ್ಲಿ ಇದರ ವಿಚಾರಣೆಗಾಗಿ ಒಂದು ಸಭೆ ಸೇರಿತು. ಅಧ್ಯಕ್ಷತೆ ವಹಿಸಿದವರು ಲಾರ್ಡ್ ಆಂಪ್ಟ್‌ಹಿಲ್. ಎಲಿಯಟ್ ಎಗ್ಮೋರಿನ ಅಧಿಕಾರಕ್ಕೆ ಬಂದಾಗ ಮದರಾಸಿನ ಗವರ್ನರರಾಗಿದ್ದವರು ಇವರೇ. ಮೂವತ್ತು ವರ್ಷಗಳ ಮೇಲೆ ಹಳೆಯ ಮದರಾಸಿಗರಿಬ್ಬರು ಕೂಡಿ ಒಂದು ಹಗ್ಗದ ಸತ್ಯಾಸತ್ಯ ವಿಚಾರಿಸಲು ಕುಳಿತರು! ಬಯಲಿನಲ್ಲಿ ಈ ವಿದ್ಯೆಯನ್ನು ಮಾಡಿ ತೋರಿಸಿದವರಿಗೆ ಐನೂರು ಗಿನಿ ಬಹುಮಾನವೆಂದು ಸಾರಲಾಯಿತು. ಅದನ್ನು ಗೆದ್ದವರಿಲ್ಲ. ಕಂಡೆವೆಂದು ಹೇಳುವವರು ಬಹಳ, ತೋರಿಸುವವರು ಯಾರೂ ಇಲ್ಲ ಎಂಬುದು ಎಲಿಯಟ್ಟರ ತೀರ್ಮಾನ. ಅದನ್ನು ಅವರು ಪುಸ್ತಕವಾಗಿಯೂ ಬರೆದರು. ಪೌರ್ವಾತ್ಯರ ವಿಷಯದಲ್ಲಿ ಆ ಪುಸ್ತಕದ ದೃಷ್ಟಿ ಕೆಲವೆಡೆ ನಮಗೆ ರುಚಿಸದು. ಆದರೆ ಬೆರಳು ಎಣಿಸಿದೊಡನೆ ಕಣ್ಣು ಬಂತೆಂದು ನಂಬದೆ ಆರು ತಿಂಗಳ ಮೇಲಿನ ಕಣ್ಣನ್ನು ಕೇಳಿದ ವೈದ್ಯನೇ ಇಲ್ಲಿಯೂ ಇದ್ದಾನೆಂಬುದು ಸ್ಪಷ್ಟ.

ಎಲಿಯಟ್ 1936ರಲ್ಲಿ ಕಾಲವಾದರು. ಎಗ್ಮೋರಿನ ಆಸ್ಪತ್ರೆಯ ವಸ್ತುಸಂಗ್ರಹಾಲಯಕ್ಕೆ ಎಲಿಯಟ್ಟರ ಹೆಸರನ್ನೇ ಇಟ್ಟಿದ್ದಾರೆ. ಊರಿನವರನ್ನು ಕರೆದುಕೊಂಡು ಅಲ್ಲಿಗೆ ಹೋಗಿ ಚೀಟಿ ಹಿಡಿದು ಕಾಯುವ ಹೊತ್ತಿನಲ್ಲಿ, ಅನುಮತಿ ಸಿಕ್ಕುವುದಾದರೆ, ಅದರೊಳಗೊಮ್ಮೆ ಹೊಕ್ಕು ಬರಬಹುದು.